30×40 ಸೈಟಿನ ಮನೆಗೆ ಪಾಲಿಶ್ ಟೈಲ್ಸ್: ಡಬಲ್ ಚಾರ್ಜ್ ತಗೊಳ್ಳೋದೋ, ಪಿಜಿವಿಟಿಯೋ?

ನೀವು ಕೇಳಿರೋದು ಇಷ್ಟು: ನಾಗರಭಾವಿಯ 30×40 ಸೈಟಿನಲ್ಲಿ ಮನೆ ಕಟ್ಟಿಸ್ತಿದ್ದೀರಿ, ಕೆಳಗಿನ ಮನೆಗೆ 4×2 ಅಡಿಯ ಪಾಲಿಶ್ ಟೈಲ್ಸ್ ಹಾಕಿಸೋ ಆಸೆ ಇದೆ. ಒಂದು ಅಂಗಡಿಯವರು ಡಬಲ್ ಚಾರ್ಜ್ ತಗೊಳ್ಳಿ ಅಂತಾರೆ, ಇನ್ನೊಬ್ಬರು ಪಿಜಿವಿಟಿ (ಗ್ಲೇಜಿಗೆ ಪಾಲಿಶ್ ಕೊಟ್ಟ ವಿಟ್ರಿಫೈಡ್ ಟೈಲ್ಸ್) ಅಂತಾರೆ. ಮೇಸ್ತ್ರಿ ಗಾರೆ ಮೇಲೇ ಕೂರಿಸ್ತೀನಿ, ಅಂಟಿನ ಚೀಲಕ್ಕೆ ದುಡ್ಡು ದಂಡ ಅಂತಿದ್ದಾರೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಜಾರುತ್ತಾ ಅನ್ನೋ ಭಯ ಬೇರೆ.

ಹಾಲ್, ಊಟದ ಜಾಗ, ಮಲಗೋ ಕೋಣೆಗೆ ಧಾರಾಳವಾಗಿ ಹಾಕಿಸಿ. ಬಚ್ಚಲು, ಯುಟಿಲಿಟಿ, ಬಾಲ್ಕನಿ, ಪೋರ್ಟಿಕೊ, ಮೆಟ್ಟಿಲಿಗೆ ಖಂಡಿತ ಬೇಡ. ಮೇಸ್ತ್ರಿಯ ಸಲಹೆಯನ್ನ ಮಾತ್ರ ನಾನು ಒಪ್ಪಲ್ಲ. ಕಾರಣ ಈ ಟೈಲ್ಸಿನ ಒಂದೇ ಗುಣ: ಇದು ನೀರು ಕುಡಿಯಲ್ಲ. ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಯಾದ ಮಣ್ಣು ಇದು. ನೀರು ಹೀರೋದು ಅದರ ತೂಕದ 0.5 ಶೇಕಡಾಕ್ಕಿಂತ ಕಡಿಮೆ. ಕಲೆ ಬೇಗ ಹಿಡಿಯದೇ ಇರೋದು ಅದರಿಂದ, ಸಿಮೆಂಟ್ ಸ್ಲರಿಗೆ (ನೀರಾಗಿ ಕಲಸಿದ ಸಿಮೆಂಟಿಗೆ) ಕಚ್ಚಿಕೊಳ್ಳದೇ ಇರೋದೂ ಅದರಿಂದಲೇ. ನೆಲಕ್ಕೆ ಬಿದ್ದ ನೀರು ಒರೆಸೋವರೆಗೂ ಮೇಲೇ ನಿಂತು ಕಾಲು ಜಾರಿಸೋದೂ ಅದೇ ಗುಣ.

ಡಬಲ್ ಚಾರ್ಜ್ ಅಂದರೆ ಎರಡು ಪದರದ ಪುಡಿಯನ್ನ ಒಟ್ಟಿಗೆ ಒತ್ತಿ ಸುಟ್ಟಿದ್ದು. ಮೇಲಿನ 3–4 ಮಿಮೀ ಪೂರ್ತಿ ಬಣ್ಣದ ಮಣ್ಣೇ, ಅದನ್ನೇ ಉಜ್ಜಿ ಹೊಳಪು ಕೊಟ್ಟಿರ್ತಾರೆ. ಗೀರು ಬಿದ್ದರೂ ಒಳಗಿನಿಂದ ಬೇರೆ ಬಣ್ಣ ಇಣುಕಲ್ಲ. ಆದರೆ ಡಿಸೈನ್ ಕಡಿಮೆ: ಚುಕ್ಕೆ, ಮೋಡದಂಥ ಗೆರೆ, ಅಷ್ಟೇ. ಪಿಜಿವಿಟಿಯಲ್ಲಿ ಕೆಳಗೆ ಗಟ್ಟಿ ಮಣ್ಣು, ಅದರ ಮೇಲೆ ಪ್ರಿಂಟ್, ಪ್ರಿಂಟಿನ ಮೇಲೆ ಗಾಜಿನಂಥ ಗ್ಲೇಜ್, ಆ ಗ್ಲೇಜಿಗೆ ಪಾಲಿಶ್. ಇಟಾಲಿಯನ್ ಮಾರ್ಬಲ್ ಥರ ಕಾಣೋದೆಲ್ಲ ಇದೇ. ಪ್ರಿಂಟೂ ಗ್ಲೇಜೂ ಸೇರಿದರೂ ಒಂದು ಮಿಲಿಮೀಟರ್ ದಾಟಲ್ಲ.

ನಮ್ಮ ಊರಿನ ಧೂಳಿನಲ್ಲಿ ಸಣ್ಣ ಮರಳು ಜಾಸ್ತಿ, ಅದೂ ಅಕ್ಕಪಕ್ಕದ ಸೈಟಿನಲ್ಲಿ ಕಟ್ಟಡ ಏಳ್ತಿದ್ದರೆ ಕೇಳೋದೇ ಬೇಡ. ಮರಳಿನ ಸ್ಫಟಿಕದ ಗಡಸು ಮೋಸ್ ಅಳತೆಯಲ್ಲಿ 7. ಪಾಲಿಶ್ ಗ್ಲೇಜ್ ಅದಕ್ಕಿಂತ ಮೆದು. ಹಾಗಾಗಿ ಪಿಜಿವಿಟಿಯನ್ನ ಸವೆಸೋದು ನಡೆದಾಟಕ್ಕಿಂತ ಹೆಚ್ಚಾಗಿ ಕಾಲಿಗೆ ಅಂಟಿ ಬರೋ ಮರಳು. ಮೊದಲು ಮಂಕಾಗೋದು ಬಾಗಿಲಿಂದ ಸೋಫಾವರೆಗಿನ ದಾರಿ. ಚಪ್ಪಲಿ ಹೊರಗೆ ಬಿಡೋ ಮನೆಗಳಲ್ಲಿ ಇದು ನಿಧಾನವಾಗುತ್ತೆ. ಹೊಸ್ತಿಲಿನ ಹೊರಗೊಂದು ಒರಟು ಮ್ಯಾಟ್, ಒಳಗೊಂದು ಬಟ್ಟೆ ಮ್ಯಾಟ್ ಇದ್ದರೆ ಇನ್ನೂ ನಿಧಾನ. ನನ್ನ ಆಯ್ಕೆ: ಹಾಲಿಗೆ ಡಬಲ್ ಚಾರ್ಜ್, ಕೋಣೆಗಳಿಗೆ ಪಿಜಿವಿಟಿ. ಹಾಲಿಗೂ ಮಾರ್ಬಲ್ ಕಳೆ ಬೇಕೇ ಬೇಕು ಅಂದರೆ ಪಿಜಿವಿಟಿ ಹಾಕಿಸೋದು ತಪ್ಪಲ್ಲ, ಮ್ಯಾಟ್ ಮಾತ್ರ ಮರೀಬೇಡಿ. ಮೇಲಿನ ಮನೆ ಬಾಡಿಗೆಗೆ ಕೊಡೋದಾದರೆ ಅಲ್ಲಿ ಡಬಲ್ ಚಾರ್ಜ್ ಬಿಟ್ಟು ಬೇರೆ ಯೋಚನೆ ಬೇಡ.

ಅಂಗಡಿಯಲ್ಲಿ ಡಿಸ್‌ಪ್ಲೇಗೆ ನಿಲ್ಲಿಸಿರೋ ಟೈಲ್ಸ್ ನೋಡಿ ಒಪ್ಪಿಕೋಬೇಡಿ, ಗೋಡೌನಿನಿಂದ ಸೀಲ್ ಒಡೆಯದ ಬಾಕ್ಸ್ ತರಿಸಿ. ಎರಡು ಟೈಲ್ಸನ್ನ ಮುಖಕ್ಕೆ ಮುಖ ಇಟ್ಟು ನಡುವೆ, ತುದಿಯಲ್ಲಿ ಸಂದು ನೋಡಿ. ನಾಲ್ಕು ಅಡಿ ಉದ್ದದ್ದು ಸ್ವಲ್ಪ ಬಾಗಿರೋದು ಸಹಜ, ಆದರೆ ಮೇಲಿನದು ಬುಗುರಿ ಥರ ತಿರುಗಿದರೆ ಆ ಮಾಲು ಬೇಡ. ಟೇಪಿನಿಂದ ಎರಡು ಮೂಲೆಗೆರೆ ಅಳೆಯಿರಿ. 2 ಮಿಮೀಗಿಂತ ವ್ಯತ್ಯಾಸ ಇದ್ದರೆ ಸಾಲು ನೇರ ಬರಲ್ಲ. ಪಾಲಿಶ್ ಮುಖದ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಗೆರೆ ಎಳೆದು ಹತ್ತು ನಿಮಿಷ ಬಿಟ್ಟು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ನೆರಳು ಉಳಿದರೆ ಉಜ್ಜುವಾಗ ತೆರೆದುಕೊಂಡ ಸಣ್ಣ ರಂಧ್ರಗಳನ್ನ ಫ್ಯಾಕ್ಟರಿಯಲ್ಲಿ ಸರಿಯಾಗಿ ಮುಚ್ಚಿಲ್ಲ ಅಂತ ಅರ್ಥ. ನಾಳೆ ದೇವರ ಮನೆ ಮುಂದೆ ಅರಿಶಿನ ಕುಂಕುಮ, ದೀಪದ ಎಣ್ಣೆ ಬೀಳೋದೂ ಅದೇ ರಂಧ್ರದ ಮೇಲೆ. ಈ ಪರೀಕ್ಷೆ ಡಬಲ್ ಚಾರ್ಜಿಗೆ ಮುಖ್ಯ.

ಬಣ್ಣದ ವಿಷಯ ಚಿಕ್ಕದು: ಕಪ್ಪು ಬಣ್ಣದ ಪಾಲಿಶ್ ಮೇಲೆ ಬೋರ್‌ವೆಲ್ ನೀರಿನ ಪ್ರತಿ ಹನಿಯ ಗುರುತೂ ಕಾಣುತ್ತೆ. ತಿಳಿ ಬೂದಿ, ಬೀಜ್ ಬಣ್ಣ ಇದ್ದರೆ ದಿನಾ ಒರೆಸೋವರಿಗೆ ನೆಮ್ಮದಿ.

ಲೆಕ್ಕ ಹೀಗೆ. 600×1200 ಮಿಮೀ (ನಿಮ್ಮ 4×2 ಅಡಿ) ಅಳತೆಯಲ್ಲಿ ಬಾಕ್ಸಿಗೆ 2 ಟೈಲ್ಸ್, 15.5 ಚದರಡಿ, ಸುಮಾರು 30 ಕೆಜಿ. ನಿಮ್ಮ ಹಾಲ್ 20×14 ಅಂದಿದ್ದೀರಿ, 280 ಚದರಡಿ. ಕತ್ತರಿಸೋದರಲ್ಲಿ ಹೋಗೋದು 8 ಶೇಕಡಾ ಸೇರಿಸಿದರೆ 302. ಬಾಗಿಲುಗಳನ್ನ ಬಿಟ್ಟು ಗೋಡೆಯುದ್ದ 60 ಅಡಿ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಅಂತಿಟ್ಟುಕೊಳ್ಳಿ. ಒಂದು ಟೈಲ್ಸಿನಲ್ಲಿ 4 ಇಂಚಿನ 5 ಪಟ್ಟಿ ಬರುತ್ತೆ, 15 ಪಟ್ಟಿಗೆ 3 ಟೈಲ್ಸ್, ಅಂದರೆ ಇನ್ನೊಂದು 23 ಚದರಡಿ. ಒಟ್ಟು 325ರ ಹತ್ತಿರ, 21 ಬಾಕ್ಸ್. ನೀವು 22 ತಗೊಳ್ಳಿ, ಮಿಗೋ ಒಂದು ಬಾಕ್ಸ್ ಅಟ್ಟದ ಮೇಲಿಡಿ. ಮುಂದೆ ಪೈಪ್ ರಿಪೇರಿಗೆ ಒಂದೆರಡು ಟೈಲ್ಸ್ ಒಡೆಯಬೇಕಾಗಿ ಬಂದರೆ ಅದೇ ಬ್ಯಾಚ್ ಅಂಗಡಿಯಲ್ಲಿ ಸಿಗಲ್ಲ. ಎಲ್ಲ ಬಾಕ್ಸಿನ ಮೇಲೂ ಬ್ಯಾಚ್, ಶೇಡ್ ನಂಬರ್ ಒಂದೇ ಇದೆಯಾ ಅಂತ ಲಾರಿಯಿಂದ ಇಳಿಸೋವಾಗಲೇ ನೋಡಿ. ಕೂರಿಸಿದ ಮೇಲೆ ಶೇಡ್ ಬೇರೆ ಬಂತು ಅಂದರೆ ಯಾವ ಅಂಗಡಿಯವರೂ ವಾಪಸ್ ತಗೊಳ್ಳಲ್ಲ.

ಇನ್ನು ಕೂರಿಸೋ ಕೆಲಸ. ನಿಮ್ಮ ದುಡ್ಡು ಉಳಿಯೋದೂ ಮುಳುಗೋದೂ ಇಲ್ಲೇ. ಹಳೇ ಪದ್ಧತಿಯಲ್ಲಿ ಹಸಿ ಗಾರೆ ಹಾಸಿ, ಮೇಲೆ ಸಿಮೆಂಟ್ ಸ್ಲರಿ ಸುರಿದು, ಟೈಲ್ಸ್ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸ್ತಾರೆ. ಸಿರಾಮಿಕ್ ಟೈಲ್ಸಿನ ಬೆನ್ನು ಸ್ಲರಿಯ ನೀರು ಹೀರುತ್ತೆ, ನೀರಿನ ಜೊತೆ ಸಿಮೆಂಟ್ ಒಳಹೊಕ್ಕು ಕಚ್ಚಿಕೊಳ್ಳುತ್ತೆ. ನಿಮ್ಮ ಪಾಲಿಶ್ ಟೈಲ್ಸ್ ಹೀರಲ್ಲವಲ್ಲ, ಸ್ಲರಿ ಒಣಗಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತೆ. ಕೂರಿಸಿದ ದಿನ ಎಲ್ಲಾ ಚೆನ್ನಾಗೇ ಕಾಣುತ್ತೆ. ವರ್ಷ ಕಳೆಯೋದರೊಳಗೆ ತಟ್ಟಿದರೆ ಟೊಳ್ಳು ಸದ್ದು, ಆಮೇಲೆ ಮಂಚದ ಕಾಲು ಬಿದ್ದ ಮೂಲೆಯಲ್ಲಿ ಬಿರುಕು. ಇನ್ನೊಂದು ತಪ್ಪು ರೂಢಿ ಟೈಲ್ಸನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕೋದು. ಅದು ಸಿರಾಮಿಕ್ಕಿಗೆ ಬೇಕು. ಇದಕ್ಕೆ ಮಾಡಿದರೆ ಬೆನ್ನಿನ ಮೇಲೆ ನೀರಿನ ಪೊರೆ ನಿಂತು ಇರೋ ಹಿಡಿತವೂ ಹೋಗುತ್ತೆ.

ಸರಿಯಾದ ಕ್ರಮ: ಮೊದಲು ಸ್ಲ್ಯಾಬಿನ ಮೇಲೆ 1:4 ಸಿಮೆಂಟ್, ಎಂ-ಸ್ಯಾಂಡ್ ಗಾರೆಯಲ್ಲಿ 40 ಮಿಮೀ ಸ್ಕ್ರೀಡ್ (ನೆಲ ಮಟ್ಟ ಮಾಡೋ ಪದರ) ಹಾಕಿಸಿ, ಟೈಲ್ಸಿನ ದಪ್ಪ, ಅಂಟಿನ ದಪ್ಪ ಎರಡನ್ನೂ ಕಳೆದು ಮಟ್ಟ ಹಿಡಿಸಿ. ಏಳು ದಿನ ನೀರು ಹಿಡಿಸಿ, ಆಮೇಲೆ ಮೂರು ವಾರ ಒಣಗಲು ಬಿಡಿ. 2 ಮೀಟರಿನ ಮಟ್ಟಗೋಲು ಇಟ್ಟರೆ ಕೆಳಗೆ 3 ಮಿಮೀಗಿಂತ ಸಂದು ಇರಬಾರದು. ಉಬ್ಬು ತಗ್ಗನ್ನ ಅಂಟಿನಲ್ಲಿ ಸರಿಮಾಡ್ತೀನಿ ಅಂತ ಮೇಸ್ತ್ರಿ ಅಂದರೆ ಒಪ್ಪಬೇಡಿ, ದಪ್ಪವಾದ ಕಡೆ ಅಂಟು ಕುಗ್ಗಿ ಟೈಲ್ಸನ್ನ ಕೆಳಗೆಳೆಯುತ್ತೆ. ಸ್ಕ್ರೀಡ್ ಒಣಗಿದೆಯಾ ಅಂತ ನೋಡೋಕೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು. ಮಳೆಗಾಲದಲ್ಲಿ ಇದು ಮಾಮೂಲು.

ಅಂಟು ಕೊಳ್ಳುವಾಗ ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನದಂಡ), ಟೈಪ್ 2 ಅಂತಿರಬೇಕು. ಟೈಪ್ 1 ಸಿರಾಮಿಕ್ಕಿಗೆ, ಅಗ್ಗ ಅಂತ ಅದನ್ನೇ ತಂದುಬಿಡ್ತಾರೆ. ಇಷ್ಟು ದೊಡ್ಡ ಟೈಲ್ಸಿಗೆ 20 ಕೆಜಿ ಚೀಲ 35ರಿಂದ 40 ಚದರಡಿಗೆ ಬರುತ್ತೆ, ನಿಮ್ಮ ಹಾಲಿಗೆ 8 ಚೀಲ. ನೀರು ಎಷ್ಟು ಅಂತ ಚೀಲದ ಮೇಲೇ ಬರೆದಿರುತ್ತೆ, ಅಳೆದು ಹಾಕಿಸಿ. ಕಲಸಿ ಐದು ನಿಮಿಷ ಬಿಟ್ಟು ಮತ್ತೆ ಕಲಸಬೇಕು. ಗಟ್ಟಿಯಾದ ಮೇಲೆ ನೀರು ಬೆರೆಸಿ ಮೆದು ಮಾಡಿದ್ದು ಹಿಡಿಯಲ್ಲ.

ಟೈಲ್ಸಿನ ಬೆನ್ನ ಮೇಲೆ ಬಿಳಿ ಪುಡಿ ಇರುತ್ತೆ ನೋಡಿ, ಅದು ಭಟ್ಟಿಯ ರೋಲರಿಗೆ ಅಂಟದಿರಲಿ ಅಂತ ಹಚ್ಚಿದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಸಿ. ಬಿಟ್ಟರೆ ಅಂಟು ಪುಡಿಯನ್ನ ಹಿಡಿಯುತ್ತೆ, ಟೈಲ್ಸನ್ನಲ್ಲ. ನೆಲದ ಮೇಲೆ 10 ಮಿಮೀ ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೀಬೇಕು, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಅಂಟು ಸವರಬೇಕು. ನಾಲ್ಕು ಮೂಲೆ, ನಡುವೆ ಒಂದು ಅಂತ ಮುದ್ದೆ ಇಟ್ಟು ಕೂರಿಸೋಕೆ ಬಿಡಬೇಡಿ, ಮುದ್ದೆಗಳ ನಡುವೆ ಎಲ್ಲಾ ಪೊಳ್ಳು. ಬೇಸಿಗೆಯ ಮಧ್ಯಾಹ್ನ ಕಿಟಕಿ ತೆಗೆದಿದ್ದರೆ ಹರಡಿದ ಅಂಟಿನ ಮೇಲೆ ಕಾಲು ಗಂಟೆಯಲ್ಲೇ ಕೆನೆ ಕಟ್ಟುತ್ತೆ. ಬೆರಳಿಟ್ಟರೆ ಅಂಟು ಅಂಟಬೇಕು, ಅಂಟದಿದ್ದರೆ ಕೆರೆದು ಹೊಸದು ಹಾಕಿಸಿ. ಮೊದಲ ದಿನ ಎರಡು ಟೈಲ್ಸನ್ನ ಕೂರಿಸಿದ ಕೂಡಲೇ ಎತ್ತಿಸಿ ಬೆನ್ನು ನೋಡಿ: 80 ಶೇಕಡಾಕ್ಕಿಂತ ಕಡಿಮೆ ಅಂಟು ತಾಗಿದ್ದರೆ ಕರಣೆಯ ಹಲ್ಲು ಸಣ್ಣದು ಅಥವಾ ಒತ್ತಿದ್ದು ಸಾಲದು. ಎಷ್ಟೇ ಮುಜುಗರವಾದರೂ ಇದನ್ನ ಕೇಳಿ ಮಾಡಿಸಿ.

ಸಂದು ಕಾಣಬಾರದು ಅಂತ ಟೈಲ್ಸಿಗೆ ಟೈಲ್ಸ್ ತಾಗಿಸಿ ಹಾಕಿಸೋರೇ ಹೆಚ್ಚು, ಬೇಸಿಗೆಯಲ್ಲಿ ಹಾಲಿನ ನಡುವೆ ಟೈಲ್ಸ್ ಡಬ್ ಅಂತ ಎದ್ದು ನಿಲ್ಲೋದು ಇಂಥ ಮನೆಗಳಲ್ಲೇ. ಹೊಸ ಸ್ಲ್ಯಾಬ್ ತಿಂಗಳುಗಟ್ಟಲೆ ಕುಗ್ಗುತ್ತಾ ಇರುತ್ತೆ, ಟೈಲ್ಸ್ ಕುಗ್ಗಲ್ಲ. 6 ಮೀಟರಿನ ಸಾಲು 20 ಡಿಗ್ರಿ ಬಿಸಿಯಾದರೆ ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗೋದು ಬೇರೆ. ಹಿಗ್ಗೋಕೆ ಜಾಗ ಇಲ್ಲದಿದ್ದರೆ ಮೇಲಕ್ಕೇ ಏಳಬೇಕು. 2 ಮಿಮೀ ಸ್ಪೇಸರ್ ಇಡಿಸಿ, ಸಾಧ್ಯವಾದರೆ 3. ಗೋಡೆಯ ಸುತ್ತ 8 ಮಿಮೀ ಖಾಲಿ ಬಿಡಿಸಿ, ಅದರೊಳಗೆ ಗಾರೆ ತುಂಬೋಕೆ ಬಿಡಬೇಡಿ. ಸ್ಕರ್ಟಿಂಗ್ ಅದನ್ನ ಮುಚ್ಚುತ್ತೆ. ಹಾಲಿನಿಂದ ಅಡುಗೆಮನೆವರೆಗೆ ಒಂದೇ ಓಟದಲ್ಲಿ ಹೋಗೋದಾದರೆ ಬಾಗಿಲ ಗೆರೆಯಲ್ಲಿ ಸಂದು ತುಂಬೋ ಗ್ರೌಟ್ ಬದಲು ಅದೇ ಬಣ್ಣದ ಸಿಲಿಕೋನ್ ಹಾಕಿಸಿ. ಇಟ್ಟಿಗೆ ಥರ ಅರ್ಧಕ್ಕೆ ಅರ್ಧ ಜೋಡಿಸಬೇಡಿ. ನಾಲ್ಕು ಅಡಿ ಟೈಲ್ಸಿನ ಉಬ್ಬು ನಡುಮಧ್ಯೆ ಇರುತ್ತೆ, ಪಕ್ಕದ್ದರ ತುದಿ ಅಲ್ಲಿಗೇ ಬಂದರೆ ಅಂಚು ಎದ್ದು ಕಾಣುತ್ತೆ. ಮೂರನೇ ಒಂದು ಭಾಗ ಸರಿಸಿ, ಇಲ್ಲ ನೇರಕ್ಕೆ ನೇರ ಹಾಕಿಸಿ. ಮಟ್ಟಕ್ಕೆ ಲೆವೆಲಿಂಗ್ ಕ್ಲಿಪ್ ಬಳಸಲಿ. ಸಂಜೆ ಕಿಟಕಿಯ ಓರೆ ಬೆಳಕು ಪಾಲಿಶ್ ನೆಲದ ಮೇಲೆ ಅರ್ಧ ಮಿಮೀ ಏರುಪೇರನ್ನೂ ತೋರಿಸುತ್ತೆ.

ಒಂದು ದಿನ ಪೂರ್ತಿ ಬಿಟ್ಟು ಗ್ರೌಟ್. ಅಡುಗೆಮನೆ, ಊಟದ ಜಾಗಕ್ಕೆ ಎಪಾಕ್ಸಿ ಗ್ರೌಟ್ ಹಾಕಿಸಿ, ಸಾರು, ಎಣ್ಣೆ ಹೀರಲ್ಲ. ಆದರೆ ಎಪಾಕ್ಸಿಯ ಮಬ್ಬನ್ನ ಅದು ಗಟ್ಟಿಯಾಗೋ ಮೊದಲೇ, ಅರ್ಧ ಗಂಟೆಯೊಳಗೆ, ಸ್ಪಂಜಿನಲ್ಲಿ ಒರೆಸದಿದ್ದರೆ ಹೊಳಪಿನ ಮೇಲೆ ಪೊರೆಯಾಗಿ ಉಳಿದುಬಿಡುತ್ತೆ. ತಿಳಿ ಟೈಲ್ಸಿಗೆ ಕಪ್ಪು ಗ್ರೌಟ್ ಹಾಕೋದಿದ್ದರೆ ತುಂಡು ಟೈಲ್ಸಿನ ಮೇಲೆ ಮೊದಲು ಪರೀಕ್ಷಿಸಿ. ಆಮೇಲೆ ಬಡಗಿ, ಪೇಂಟರ್ ಬರೋ ಮುಂಚೆ ನೆಲ ಗುಡಿಸಿ, ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕಿಸಿ. ಗುಡಿಸದೆ ಹಾಸಿದರೆ ಅಡಿಯ ಮರಳೇ ಉಜ್ಜುಕಾಗದ ಆಗುತ್ತೆ.

ತಾಯಿಯ ವಿಚಾರ. ಒಣ ಪಾಲಿಶ್ ನೆಲ ಅಷ್ಟು ಅಪಾಯವಲ್ಲ, ಒದ್ದೆ ಕಾಲು, ಎಣ್ಣೆ ಕಾಲು ಅಪಾಯ. ಬಚ್ಚಲು, ಯುಟಿಲಿಟಿಗೆ ಆರ್11 ಗುರುತಿನ ಮ್ಯಾಟ್ (ಹೊಳಪಿಲ್ಲದ) ಟೈಲ್ಸ್, ಅಡುಗೆಮನೆಗೆ ಆರ್10. ಆರ್ ನಂಬರ್ ಹೆಚ್ಚಿದಷ್ಟೂ ಜಾರೋದು ಕಡಿಮೆ. ಬಚ್ಚಲಿನಿಂದ ಅವರ ಮಂಚದವರೆಗಿನ ದಾರಿಯನ್ನೂ ಮ್ಯಾಟ್ ಟೈಲ್ಸೇ ಮಾಡಿಸಿ, ನೋಟ ಕೆಡುತ್ತೆ ಅಂತ ಯೋಚಿಸಬೇಡಿ. ಬಾಗಿಲಲ್ಲಿ ರಬ್ಬರ್ ತಳದ ಮ್ಯಾಟ್ ಇರಲಿ, ಬರೀ ಹಳೇ ಟವೆಲ್ ಹಾಕಿದರೆ ಅದೇ ಜಾರುತ್ತೆ.

ಒರೆಸೋಕೆ ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಸಾದಾ ಕ್ಲೀನರ್ ಸಾಕು, ಜಾಸ್ತಿಯಾದರೆ ಸೋಪಿನ ಪೊರೆ ಕೂತು ಹೆಜ್ಜೆ ಗುರುತು ಕಾಣುತ್ತೆ. ಬೋರ್ ನೀರಾದರೆ ಒರೆಸಿದ ಮೇಲೆ ಒಣ ಬಟ್ಟೆ ಆಡಿಸಿ. ಕೆಲಸ ಮುಗಿದ ಮೇಲಿನ ಸಿಮೆಂಟ್ ಕಲೆಗೆ ಬಚ್ಚಲು ತೊಳೆಯೋ ಆಸಿಡ್ ಸುರಿಸಬೇಡಿ, ಗ್ರೌಟ್ ತಿಂದುಹಾಕುತ್ತೆ. ಸಲ್ಫಾಮಿಕ್ ಆಸಿಡ್ ಇರೋ ಟೈಲ್ ಕ್ಲೀನರ್ ಸಾಕು. ಹೈಡ್ರೋಫ್ಲೋರಿಕ್ ಆಸಿಡ್ ಇರೋ ತುಕ್ಕಿನ ದ್ರಾವಣ ಟೈಲ್ಸನ್ನೇ ಕೊರೆಯುತ್ತೆ, ಮನೆಯೊಳಗೇ ತರಬೇಡಿ. ಆಸಿಡನ್ನೂ ಬ್ಲೀಚನ್ನೂ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ. ವ್ಯಾಕ್ಸ್ ಬೇಡವೇ ಬೇಡ.

ಗೃಹಪ್ರವೇಶ ಹತ್ತಿರ ಇದೆ ಅಂದಿದ್ದೀರಿ. ಹೋಮಕುಂಡವನ್ನ ನೇರ ಟೈಲ್ಸ್ ಮೇಲೆ ಇಡಿಸಬೇಡಿ, ಒಂದೇ ಕಡೆ ಬಿಸಿಯಾಗಿ ಬಿರುಕು ಬಿಡುತ್ತೆ. ದಪ್ಪ ತಗಡು, ಅದರ ಮೇಲೆ ಎರಡು ವರಸೆ ಇಟ್ಟಿಗೆ, ಮೂರು ಇಂಚು ಮರಳು, ಆಮೇಲೆ ಕುಂಡ. ಹಸು ಕರು ಒಳಗೆ ಕರೆತರೋದಾದರೆ ಬಾಗಿಲಿಂದ ಅವು ನಿಲ್ಲೋ ಜಾಗದವರೆಗೆ ಗೋಣಿಚೀಲ ಒದ್ದೆ ಮಾಡಿ ಹಾಸಿ. ಗೊರಸಿಗೆ ಈ ನೆಲದಲ್ಲಿ ಹಿಡಿತವೇ ಸಿಗಲ್ಲ, ಬಿದ್ದರೆ ಪಾಪದ ಪ್ರಾಣಿಯ ಕಾಲೇ ಮುರಿಯುತ್ತೆ.