ರಾಷ್ಟ್ರೀಯ ಪ್ರಶಸ್ತಿ ಬಂದರೆ ಕನ್ನಡ ಚಿತ್ರರಂಗ ಚೇತರಿಸಿಕೊಂಡಂತೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ದೆಹಲಿಯ ವಿಜ್ಞಾನ ಭವನದಲ್ಲಿ ನಡೆದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರದಾನ ಸಮಾರಂಭವನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ, ಪತ್ರಿಕೆಗಳು ಬರೆಯುವಂತೆ ಕನ್ನಡ ಚಿತ್ರರಂಗ ಚೇತರಿಸಿಕೊಂಡಿದೆಯೇ ಎಂದು ಕೇಳಿದ್ದೀರಿ. ಜೊತೆಗೆ, ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳನ್ನು ಬೆಂಗಳೂರಿನಲ್ಲಿ ಎಲ್ಲಿ ನೋಡಬಹುದು ಎಂದೂ ಕೇಳಿದ್ದೀರಿ. ನಾನು ಗಾಂಧಿನಗರದ ಒಂದು ವಿತರಣಾ ಕಚೇರಿಯಲ್ಲಿ 22 ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವನು. ಚಿತ್ರ ನಿರ್ದೇಶಿಸಿದವನೂ ಅಲ್ಲ, ವಿಮರ್ಶೆ ಬರೆದವನೂ ಅಲ್ಲ. ಯಾವ ಚಿತ್ರಕ್ಕೆ ಎಷ್ಟು ಹಣ ಬಂತು, ಬಾಡಿಗೆ ಕಳೆದು ಎಷ್ಟು ಉಳಿಯಿತು ಎಂಬುದನ್ನು ಬರೆದಿಟ್ಟವನು ಎಂಬ ಮಿತಿಯನ್ನು ನೆನಪಿಟ್ಟುಕೊಂಡು ಈ ಉತ್ತರವನ್ನು ಓದಿ.

ಮೊದಲು ಪ್ರಶಸ್ತಿಗಳ ವರ್ಷಗಳನ್ನು ನೋಡೋಣ. 1954ರಿಂದ ಕೊಡುತ್ತಿರುವ ಈ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣ ಕಮಲ ಕನ್ನಡಕ್ಕೆ ಆರು ಸಲ ಬಂದಿದೆ: 1970ರ ಸಾಲಿನಲ್ಲಿ ‘ಸಂಸ್ಕಾರ’, 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ‘ಘಟಶ್ರಾದ್ಧ’, 1986ರಲ್ಲಿ ‘ತಬರನ ಕಥೆ’, 1997ರಲ್ಲಿ ‘ತಾಯಿ ಸಾಹೇಬ’, 2001ರಲ್ಲಿ ‘ದ್ವೀಪ’. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರ ಚಿತ್ರಗಳು. ಅದಾದ ಮೇಲೆ 2023ರ ಸಾಲಿನವರೆಗೂ ಅತ್ಯುತ್ತಮ ಕಥಾಚಿತ್ರದ ಸ್ವರ್ಣ ಕಮಲ ಕನ್ನಡಕ್ಕೆ ಬಂದಿಲ್ಲ. ಆದರೆ ‘ಕನ್ನಡ ಚಿತ್ರರಂಗಕ್ಕೆ ಮರುಹುಟ್ಟು’ ಎಂದು ದೇಶವೆಲ್ಲ ಮಾತಾಡಿದ್ದು ಈ ಖಾಲಿ ಅವಧಿಯಲ್ಲೇ, 2018ರ ನಂತರ. ಇತ್ತ 1986ರಿಂದ 2001ರ ನಡುವೆ, ಮೂರು ಸಲ ಸ್ವರ್ಣ ಕಮಲ ಬಂದ ಕಾಲದಲ್ಲಿ, ನಮ್ಮ ಕಚೇರಿಗೆ ಬರುತ್ತಿದ್ದ ಡಬ್ಬಗಳಲ್ಲಿ ತಮಿಳು, ತೆಲುಗು ಚಿತ್ರಗಳ ರಿಮೇಕುಗಳು ಎಷ್ಟಿದ್ದವೆಂದರೆ, ಮೂಲದ ಹೆಸರು ಹೇಳದೆ ಕನ್ನಡದ ಹೆಸರು ಹೇಳಿದರೆ ಯಾವ ಚಿತ್ರ ಎಂದು ನಮಗೇ ಗೊತ್ತಾಗುತ್ತಿರಲಿಲ್ಲ. ಪ್ರಶಸ್ತಿಯೂ ಚೇತರಿಕೆಯೂ ಜೊತೆಜೊತೆಗೆ ನಡೆಯುವುದಿಲ್ಲ ಎಂಬ ನನ್ನ ಅನುಮಾನ ಹುಟ್ಟಿದ್ದು ಅಲ್ಲಿ.

ಎಪ್ಪತ್ತರ ದಶಕ ಮಾತ್ರ ಇದಕ್ಕೆ ಅಪವಾದ. ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದಿದ್ದ ‘ಸಂಸ್ಕಾರ’ ಆಮೇಲೆ ದೇಶದ ಅತ್ಯುತ್ತಮ ಚಿತ್ರವೆನಿಸಿಕೊಂಡಿತು. ಮರುವರ್ಷದ ಸಾಲಿನಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯನ್ನು ‘ವಂಶವೃಕ್ಷ’ಕ್ಕಾಗಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಹಂಚಿಕೊಂಡರು. ಆದರೆ ಈ ಅಲೆಯನ್ನು ಎಬ್ಬಿಸಿದ್ದು ಪ್ರಶಸ್ತಿಯಲ್ಲ. ನವ್ಯ ಸಾಹಿತ್ಯದ ಕಾದಂಬರಿಗಳು ಸಿದ್ಧವಾಗಿದ್ದವು, ಹವ್ಯಾಸಿ ರಂಗಭೂಮಿಯ ನಟರು ಸಂಭಾವನೆ ಕೇಳದೆ ಬರುತ್ತಿದ್ದರು, ರಾಜ್ಯ ಸರ್ಕಾರದ ಸಹಾಯಧನವಿತ್ತು, 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು ಇಂಥ ಚಿತ್ರಗಳನ್ನು ನೋಡುವ ಕಣ್ಣುಗಳನ್ನು ತಯಾರು ಮಾಡುತ್ತಿದ್ದವು. ಅದೇ ಹೊತ್ತಿಗೆ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ 1972ರ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು. ಎರಡೂ ಚಿತ್ರರಂಗಗಳು ಒಂದೇ ಊರಿನಲ್ಲಿ, ಒಂದನ್ನೊಂದು ಹೆಚ್ಚು ಮಾತಾಡಿಸದೆ, ಎರಡೂ ಆರೋಗ್ಯವಾಗಿದ್ದವು. ಕನ್ನಡಕ್ಕೆ ಅಂಥ ಕಾಲ ಮತ್ತೆ ಬಂದಿದೆ ಎಂದು ನನಗೆ ಅನ್ನಿಸಿಲ್ಲ.

ಅಂದಿನ ಪ್ರಶಸ್ತಿಗೂ ಇಂದಿನ ಪ್ರಶಸ್ತಿಗೂ ಇರುವ ದೊಡ್ಡ ವ್ಯತ್ಯಾಸ ನನ್ನ ಮಟ್ಟಿಗೆ ತೀರ್ಪುಗಾರರಲ್ಲಿಲ್ಲ, ಪ್ರಶಸ್ತಿಯ ನಂತರದ ದಾರಿಯಲ್ಲಿದೆ. ಎಂಬತ್ತರ ದಶಕದಲ್ಲಿ ದೂರದರ್ಶನವು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹದೊಂದಿಗೆ ದೇಶಕ್ಕೆಲ್ಲ ತೋರಿಸುತ್ತಿತ್ತು, ಅವುಗಳಲ್ಲಿ ಬಹಳಷ್ಟು ಪ್ರಶಸ್ತಿ ಪಡೆದವೇ ಆಗಿರುತ್ತಿದ್ದವು. ಹನುಮಂತನಗರದ ನಮ್ಮ ವಠಾರದಲ್ಲಿ ಒಂದೇ ಮನೆಯಲ್ಲಿ ಟಿ.ವಿ. ಇತ್ತು. ಊಟ ಮುಗಿಸಿ ಚಾಪೆ ಹಿಡಿದು ಹೋಗಿ ಕೂತು, ಬಂಗಾಳಿ, ಮಲಯಾಳಂ, ಅಸ್ಸಾಮಿ ಚಿತ್ರಗಳನ್ನು ನೋಡಿದ್ದೇವೆ. ‘ಘಟಶ್ರಾದ್ಧ’ವನ್ನೂ ನಾನು ಮೊದಲ ಸಲ ನೋಡಿದ್ದು ಚಿತ್ರಮಂದಿರದಲ್ಲಲ್ಲ, ಆ ಮನೆಯ ಹಜಾರದಲ್ಲಿ. ಮನೆಯ ಯಜಮಾನಿ ಕೊನೆಯ ದೃಶ್ಯ ಬಂದಾಗ ಎದ್ದು ಒಳಗೆ ಹೋದವರು ಸಂಜೆಯವರೆಗೆ ಹೊರಗೆ ಬರಲಿಲ್ಲ. ಪ್ರಶಸ್ತಿ ಬಂದರೆ ಚಿತ್ರವು ಜನರ ಮನೆಗೆ ತಲುಪುತ್ತದೆ ಎಂಬ ಖಾತ್ರಿ ಆಗ ಒಂದಿಷ್ಟಾದರೂ ಇತ್ತು. ಖಾಸಗಿ ವಾಹಿನಿಗಳು ಬಂದ ಮೇಲೆ ಆ ಮಧ್ಯಾಹ್ನಗಳು ಹೋದವು. ಅವುಗಳ ಜಾಗಕ್ಕೆ ಬೇರೇನೂ ಬರಲಿಲ್ಲ.

ಚಿತ್ರಮಂದಿರದ ಕಡೆಯಿಂದ ಒಂದು ಅನುಭವವನ್ನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿ ವಿತರಿಸಿದ್ದ ಒಂದು ಸಣ್ಣ ಚಿತ್ರಕ್ಕೆ, ರಾಷ್ಟ್ರೀಯ ಪ್ರಶಸ್ತಿಗಳಲ್ಲೇ ಸ್ವರ್ಣ ಕಮಲದ ನಂತರದ್ದಾದ ರಜತ ಕಮಲ ಬಂತು. ನಿರ್ಮಾಪಕರು ಧಾರವಾಡ ಪೇಡಾ ಹಂಚಿ, ಮತ್ತೊಮ್ಮೆ ಬಿಡುಗಡೆ ಮಾಡೋಣ ಎಂದರು. ಮೆಜೆಸ್ಟಿಕ್ಕಿನ ಒಂದು ಚಿತ್ರಮಂದಿರ ಬೆಳಗಿನ ಆಟ ಮಾತ್ರ ಕೊಡಲು ಒಪ್ಪಿತು. ಹೊಸ ಪೋಸ್ಟರಿನಲ್ಲಿ ಪ್ರಶಸ್ತಿಯ ವಿಷಯವನ್ನು ದಪ್ಪಕ್ಷರದಲ್ಲಿ ಹಾಕಿದ್ದನ್ನು ನೋಡಿದ ಅಲ್ಲಿನ ಮ್ಯಾನೇಜರು, “ಸ್ವಾಮಿ, ಅದನ್ನ ಹಾಕಬೇಡಿ. ಅವಾರ್ಡ್ ಪಿಕ್ಚರ್ ಅಂತ ಗೊತ್ತಾದ್ರೆ ಬರೋರೂ ಬರಲ್ಲ,” ಎಂದರು. ನಿರ್ಮಾಪಕರಿಗೆ ಕೋಪ ಬಂತು, ಪೋಸ್ಟರು ಹಾಗೆಯೇ ಉಳಿಯಿತು. ವಾರದ ಕೊನೆಗೆ ನಾನು ಲೆಕ್ಕ ತೆಗೆದಾಗ ಬಾಡಿಗೆ ಹುಟ್ಟುವ ಮಾತಿರಲಿ, ಪೋಸ್ಟರು ಅಂಟಿಸಿದ ಹುಡುಗರ ಕೂಲಿಗೂ ಕೈಯಿಂದ ಹಾಕಬೇಕಾಗಿತ್ತು. ನಮ್ಮಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳಿಗೆ ವಾರದ ಬಾಡಿಗೆ ಕೊಡುವ ಪದ್ಧತಿ ಬೇರೂರಿದೆ. ಜನ ಬಂದರೂ ಬಾರದಿದ್ದರೂ ಆ ಮೊತ್ತ ನಿರ್ಮಾಪಕನ ತಲೆಯ ಮೇಲೆಯೇ. ಇಂಥ ವ್ಯವಸ್ಥೆಯಲ್ಲಿ ಬಾಯಿಮಾತಿನಿಂದ ನಿಧಾನವಾಗಿ ಜನ ಸೇರಬೇಕಾದ ಚಿತ್ರವೊಂದು ಎರಡನೆಯ ವಾರವನ್ನು ಕಾಣುವುದೇ ಕಷ್ಟ, ಅದಕ್ಕೆ ಯಾವ ಕಮಲ ಬಂದಿದ್ದರೂ ಅಷ್ಟೇ.

ಆಯ್ಕೆಯ ಕ್ರಮವನ್ನೂ ತಿಳಿದುಕೊಂಡರೆ ಒಳ್ಳೆಯದು. ಆಯಾ ಕ್ಯಾಲೆಂಡರ್ ವರ್ಷದಲ್ಲಿ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳು ಸ್ಪರ್ಧೆಗೆ ಬರುತ್ತವೆ. ಪ್ರಾದೇಶಿಕ ಸಮಿತಿಗಳು ಮೊದಲು ನೋಡಿ ಶಿಫಾರಸು ಮಾಡುತ್ತವೆ, ಕೇಂದ್ರ ಸಮಿತಿ ತೀರ್ಮಾನಿಸುತ್ತದೆ. ಲೆಕ್ಕಕ್ಕೆ ಬರುವುದು ಪ್ರಮಾಣಪತ್ರದ ದಿನಾಂಕವೇ ಹೊರತು ಬಿಡುಗಡೆಯ ದಿನಾಂಕವಲ್ಲ. 2020ರ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿದ ‘ಡೊಳ್ಳು’ ಚಿತ್ರಮಂದಿರಕ್ಕೆ ಬಂದದ್ದು ಪ್ರಶಸ್ತಿ ಪ್ರಕಟವಾದ ಮರು ತಿಂಗಳು, 2022ರ ಆಗಸ್ಟಿನಲ್ಲಿ. ಅದೇ ಚಿತ್ರಕ್ಕೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸಿದ್ದಕ್ಕೆ ಕೊಡುವ ಪ್ರಶಸ್ತಿಯೂ ಬಂತು. ಆಗ ಚಿತ್ರದ ಧ್ವನಿವಿನ್ಯಾಸಕರೇ, ಇದು ಸಿಂಕ್ ಸೌಂಡ್ ಚಿತ್ರವಲ್ಲ, ಡಬ್ಬಿಂಗ್ ಮಾಡಿದ್ದು ಎಂದು ಬಹಿರಂಗವಾಗಿ ಹೇಳಿ ಸಮಿತಿಯನ್ನು ಮುಜುಗರಕ್ಕೆ ಸಿಲುಕಿಸಿದರು. ಚಿತ್ರದ ಗುಣಕ್ಕೆ ಇದರಿಂದ ಕುಂದಿಲ್ಲ. ಸಮಿತಿಯ ಮಾತೇ ಕೊನೆಯ ಮಾತು ಎಂದುಕೊಳ್ಳುವವರಿಗೆ ಹೇಳುತ್ತಿದ್ದೇನೆ.

ಇನ್ನು 2018ರ ನಂತರದ ಕಥೆಗೆ ಬರುತ್ತೇನೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡಿದರೆ ನಮ್ಮ ಚಿತ್ರರಂಗ ಮುಳುಗಿಹೋಗುತ್ತದೆ ಎಂದು ಗಾಂಧಿನಗರ ದಶಕಗಳ ಕಾಲ ಅದನ್ನು ತಡೆದಿತ್ತು. ನಾನೂ ಆ ಮೆರವಣಿಗೆಗಳಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ನಡೆದವನೇ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಎಂದಿತು. ವಿಚಿತ್ರವೆಂದರೆ, ಮೂರೇ ವರ್ಷಗಳಲ್ಲಿ ಡಬ್ಬಿಂಗೇ ಕನ್ನಡ ಚಿತ್ರವನ್ನು ರಾಜ್ಯದ ಗಡಿ ದಾಟಿಸಿತು. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್’ ಹಿಂದಿ, ತೆಲುಗು, ತಮಿಳು, ಮಲಯಾಳಂಗಳಲ್ಲಿ ಏಕಕಾಲಕ್ಕೆ ತೆರೆಕಂಡು, ಕನ್ನಡ ಚಿತ್ರದ ಮಾರುಕಟ್ಟೆ ಎಂದರೆ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹುಬ್ಬಳ್ಳಿ ಎಂದು ವಲಯ ವಲಯವಾಗಿ ಬರೆದುಕೊಳ್ಳುತ್ತಿದ್ದ ನನ್ನಂಥವರ ಖಾತೆ ಪುಸ್ತಕವನ್ನೇ ಹಳತಾಗಿಸಿತು. 2022ರಲ್ಲಿ ಅದರ ಎರಡನೆಯ ಭಾಗ ಬಂತು, ಸೆಪ್ಟೆಂಬರ್ ಕೊನೆಗೆ ಕರಾವಳಿಯ ದೈವಾರಾಧನೆಯ ‘ಕಾಂತಾರ’ ಬಂತು. ಇದು ಮೊದಲು ಕನ್ನಡದಲ್ಲಷ್ಟೇ ತೆರೆಕಂಡು, ಜನರ ಮಾತು ಹರಡಿದ ಮೇಲೆ ಬೇರೆ ಭಾಷೆಗಳಿಗೆ ಹೋಯಿತು.

ರಾಷ್ಟ್ರೀಯ ಪ್ರಶಸ್ತಿ ಇದನ್ನೆಲ್ಲ ಗಮನಿಸಿದ್ದು ತಡವಾಗಿ, ಆದರೆ ಧಾರಾಳವಾಗಿ. 2022ರ ಸಾಲಿನ ಪ್ರಶಸ್ತಿಗಳನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪ್ರದಾನ ಮಾಡಿದ್ದು 2024ರ ಅಕ್ಟೋಬರ್ 8ರಂದು. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ, ಅದೇ ಚಿತ್ರ ಅತ್ಯುತ್ತಮ ಜನಪ್ರಿಯ ಮನರಂಜನಾ ಚಿತ್ರ, ‘ಕೆ.ಜಿ.ಎಫ್ ಚಾಪ್ಟರ್ 2’ ಅತ್ಯುತ್ತಮ ಕನ್ನಡ ಚಿತ್ರ. ಮೊದಲೆರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದನ್ನು ಮಾತ್ರ ನಾನು ಇವತ್ತಿಗೂ ಒಪ್ಪಿಲ್ಲ. ದೇಶವೆಲ್ಲ ಹಣ ಬಾಚಿದ ಚಿತ್ರಕ್ಕೆ 2 ಲಕ್ಷ ರೂಪಾಯಿಯ ರಜತ ಕಮಲದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಆ ವರ್ಷದ ಯಾವುದೋ ಸಣ್ಣ ಚಿತ್ರದ ನಿರ್ಮಾಪಕನಿಗೆ ಅದೇ 2 ಲಕ್ಷ ಬಡ್ಡಿ ಕಟ್ಟಲು ಆಗುತ್ತಿತ್ತು. ಇದು ಲೆಕ್ಕ ಬರೆಯುವವನ ದೃಷ್ಟಿ, ಕಲೆಯ ದೃಷ್ಟಿ ಬೇರೆ ಇರಬಹುದು.

ಚೇತರಿಕೆ ಎಲ್ಲಿ ಕಾಣುತ್ತದೆ ಎಂದು ನೀವು ಒತ್ತಾಯಿಸಿ ಕೇಳಿದರೆ ನಾನು 2025ರ ಆಗಸ್ಟ್ ಮೊದಲ ವಾರವನ್ನು ತೋರಿಸುತ್ತೇನೆ. ಆಗಸ್ಟ್ 1ರಂದು ದೆಹಲಿಯಲ್ಲಿ 2023ರ ಸಾಲಿನ ಪ್ರಶಸ್ತಿಗಳು ಪ್ರಕಟವಾದವು, ‘ಕಂದೀಲು’ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು ಬಿಡುಗಡೆಯಾಗಿದ್ದ, ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ಗೆ ಅಂದು ಬೆಂಗಳೂರಿನಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ. ದೊಡ್ಡ ತಾರೆಯಿಲ್ಲ, ಊರೂರಿಗೆ ಕಟೌಟ್ ಇಲ್ಲ, ಒಬ್ಬರು ನಕ್ಕದ್ದನ್ನು ಇನ್ನೊಬ್ಬರಿಗೆ ಹೇಳಿ ಜನ ತುಂಬಿದರು. ನನ್ನ ಸೊಸೆ ಮೂರು ದಿನ ಪ್ರಯತ್ನಪಟ್ಟು ಕೊನೆಗೆ ರಾತ್ರಿಯ ಕೊನೆಯ ಆಟಕ್ಕೆ ನಾಲ್ಕು ಸೀಟು ಹಿಡಿದಳು, ಅದೂ ಮುಂದಿನ ಸಾಲಿನಲ್ಲಿ. ಅದೇ ವಾರ ನಮ್ಮ ಉದ್ಯಾನದ ವಾಯುವಿಹಾರದ ಗೆಳೆಯರನ್ನು ‘ಕಂದೀಲು’ ನೋಡಿದ್ದೀರಾ ಎಂದು ಕೇಳಿದೆ. ಒಬ್ಬರೂ ನೋಡಿರಲಿಲ್ಲ, ಇಬ್ಬರು ಅದನ್ನು ನಾಟಕವೆಂದುಕೊಂಡಿದ್ದರು. ತಪ್ಪು ಅವರದಲ್ಲ, ಚಿತ್ರತಂಡದ್ದೂ ಅಲ್ಲ.

ಆ ಪ್ರಶಸ್ತಿಗಳ ಪ್ರದಾನ ನಡೆದದ್ದು ಸೆಪ್ಟೆಂಬರ್ 23ರಂದು. ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ಹಾಕಿದ್ದ 200 ರೂಪಾಯಿಯ ಮಿತಿಗೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟದ್ದೂ ಅದೇ ದಿನ. ಮರುದಿನದ ಪತ್ರಿಕೆಯಲ್ಲಿ ಸಮಾರಂಭದ ಬಣ್ಣದ ಚಿತ್ರವನ್ನು ಎಲ್ಲರೂ ನೋಡಿದರು. ಕನ್ನಡ ಚಿತ್ರಗಳಿಗೆ ಯಾರು ಬರುತ್ತಾರೆ, ಎಷ್ಟು ಸಲ ಬರುತ್ತಾರೆ ಎಂಬುದನ್ನು ನಿರ್ಧರಿಸುವ ಸುದ್ದಿ ಮಾತ್ರ ಎರಡನೆಯದು. ಬೆಂಗಳೂರಿನ ಹಳೆಯ ಚಿತ್ರಮಂದಿರಗಳಲ್ಲಿ ಕಪಾಲಿ ಹೋಗಿದೆ, 2024ರಲ್ಲಿ ಕಾವೇರಿಯೂ ಮುಚ್ಚಿತು. ಒಂಟಿ ಪರದೆಗಳು ಹೋದಂತೆ ಕಡಿಮೆ ದರದ ಸೀಟುಗಳೂ ಹೋಗುತ್ತಿವೆ. ಓ.ಟಿ.ಟಿ. ಆದರೂ ಕೈಹಿಡಿದೀತೆಂದರೆ, ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕರ ‘ಏಕಂ’ ಸರಣಿಗೇ ಯಾವ ವೇದಿಕೆಯೂ ಸಿಗದೆ, 2024ರಲ್ಲಿ ಅದನ್ನು ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಪ್ರಶಸ್ತಿಪತ್ರ ಮಾತ್ರ ಕೈಯಲ್ಲಿರುವ ಹೊಸ ನಿರ್ದೇಶಕನ ಪಾಡು ಊಹಿಸಿಕೊಳ್ಳಿ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಚಿತ್ರರಂಗದ ಒಂದು ತುದಿ ಚೇತರಿಸಿಕೊಂಡಿದೆ, ಅದು ಪ್ರಶಸ್ತಿಯಿಂದ ಆದದ್ದಲ್ಲ. ಪ್ರಶಸ್ತಿಯನ್ನೇ ನಂಬಿಕೊಂಡಿರುವ ಇನ್ನೊಂದು ತುದಿಗೆ ಪ್ರೇಕ್ಷಕರನ್ನು ಮುಟ್ಟುವ ದಾರಿ ಮೊದಲಿಗಿಂತ ಕಿರಿದಾಗಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಕನ್ನಡ ವಿಭಾಗಗಳನ್ನು ತಪ್ಪಿಸಿಕೊಳ್ಳಬೇಡಿ, ಸಣ್ಣ ಚಿತ್ರಗಳು ಒಳ್ಳೆಯ ಪರದೆಯ ಮೇಲೆ ಕಾಣಸಿಗುವುದು ಹೆಚ್ಚಾಗಿ ಅಲ್ಲಿಯೇ. ವರ್ಷದ ಉಳಿದ ದಿನಗಳಲ್ಲಿ ಬನಶಂಕರಿ ಎರಡನೆಯ ಹಂತದಲ್ಲಿರುವ ಸುಚಿತ್ರಾದ ಕಾರ್ಯಕ್ರಮ ಪಟ್ಟಿಯನ್ನು ಗಮನಿಸುತ್ತಿರಿ. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಬೆಂಗಳೂರಿನಲ್ಲಿ ಎಲ್ಲಾದರೂ ಅದನ್ನು ಹಾಕುತ್ತಾರೆಂದು ನಿಮಗೆ ಮೊದಲು ಗೊತ್ತಾದರೆ ದಯವಿಟ್ಟು ಇಲ್ಲಿ ಬರೆದು ತಿಳಿಸಿ. ನಾನು ಅದನ್ನು ಇನ್ನೂ ಆ ವಠಾರದ ಕಪ್ಪು-ಬಿಳುಪು ಟಿ.ವಿ.ಯ ಗಾತ್ರದಲ್ಲಷ್ಟೇ ನೋಡಿದ್ದೇನೆ.