ಕಟ್ಟುವ ಖರ್ಚಲ್ಲ, ನಡೆಸುವ ಖರ್ಚು ನೋಡಿ

ಸಣ್ಣ ಊರಿನ ಪುರಸಭೆ ಈಜುಕೊಳಕ್ಕೆ ದುಡ್ಡು ಹಾಕಬೇಕೇ ಎಂದು ಕೇಳಿದ್ದೀರಿ. ಹಾಕಲೇಬೇಕು, ಈಜು ಬಂದರೆ ಮಕ್ಕಳ ಜೀವ ಉಳಿಯುತ್ತದೆ. ಆದರೆ ನಿರ್ವಹಣೆಗೆ ಪ್ರತಿವರ್ಷ ಬಜೆಟ್ಟಿನಲ್ಲಿ ಬೇರೆಯೇ ಹಣ ಇಟ್ಟರೆ ಮಾತ್ರ.

25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳ ಎಂದರೆ ಸುಮಾರು 4.7 ಲಕ್ಷ ಲೀಟರ್ ನೀರು. ಅಷ್ಟನ್ನೂ 6 ಗಂಟೆಗೊಮ್ಮೆ ಫಿಲ್ಟರ್‌ನಲ್ಲಿ ಹಾಯಿಸಲು ಪಂಪು ಗಂಟೆಗೆ 78,000 ಲೀಟರ್ ಎತ್ತಬೇಕು. ಕರೆಂಟ್ ಬಿಲ್ ಏರುವುದೇ ಇಲ್ಲಿ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ ಇರಲಿ. 8 ದಾಟಿದರೆ ಕ್ರಿಮಿ ಕೊಲ್ಲುವ ಕ್ಲೋರಿನ್ ಎಷ್ಟು ಸುರಿದರೂ ಅದರ ಶಕ್ತಿ ಕುಗ್ಗಿ ಪಾಚಿ ಹಿಡಿಯುತ್ತದೆ. ದಿನವೂ ಪರೀಕ್ಷಿಸುವ ತರಬೇತಾದ ಆಪರೇಟರ್ ಬೇಕು.

ಜೀವರಕ್ಷಕರ ಸಂಬಳದಲ್ಲಿ ಉಳಿತಾಯ ಹುಡುಕುವವರು ಕೊಳ ಕಟ್ಟಲೇಬಾರದು. ಹಣ ಕಡಿಮೆಯಿದ್ದರೆ 1 ಮೀಟರ್ ಆಳದ ಚಿಕ್ಕ ಕಲಿಕಾ ಕೊಳದಿಂದಲೇ ಶುರುಮಾಡಿ.