ಆಪ್ತಸಲಹೆ ಪ್ರಕರಣ: ಉಸಿರನ್ನು ನೋಡಲು ಕುಳಿತರೆ ಉಸಿರುಗಟ್ಟುತ್ತದೆ

(ಸಲಹಾರ್ಥಿಯ ಲಿಖಿತ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿ ಬರೆದದ್ದು.)

ಉಡುಪಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ, ನಲವತ್ತು ದಾಟಿದ ಶಿಕ್ಷಕಿಯೊಬ್ಬರು ತಮಗೆ ಧ್ಯಾನ ಕೈಗೂಡುತ್ತಿಲ್ಲ ಎಂದು ಹೇಳಿಕೊಂಡು ಬಂದರು. ಅವರು ಮಲ್ಪೆಯ ಮೀನುಗಾರ ಕುಟುಂಬದವರು. ಆಳಸಮುದ್ರದ ಬೋಟಿನಲ್ಲಿ ಕಲಾಸಿ (ಬೋಟಿನ ಕೆಲಸಗಾರ) ಆಗಿದ್ದ ಅವರ ತಮ್ಮ, ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಆಗಸ್ಟ್‌ನಲ್ಲಿ ನೀರುಪಾಲಾಗಿದ್ದರು. ಈ ಸಂಗತಿ ನನಗೆ ತಿಳಿದದ್ದು ಮೊದಲ ಭೇಟಿಯ ಕೊನೆಯಲ್ಲಿ, ಅದೂ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ನಾನು ಕೇಳಿದ್ದರಿಂದ.

ಸಹೋದ್ಯೋಗಿಯೊಬ್ಬರ ಮೂಲಕ ಅವರು ಒಂದು ಧ್ಯಾನದ ಗುಂಪನ್ನು ಸೇರಿದ್ದರು. ಭಾನುವಾರ ಸಂಜೆ ಸದಸ್ಯರೊಬ್ಬರ ಮನೆಯ ಚಾವಡಿಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿ, ಮುಕ್ಕಾಲು ಗಂಟೆ ಉಸಿರನ್ನು ಗಮನಿಸುತ್ತಾ ಕುಳಿತು, ಬಳಿಕ ಚಹಾ ಕುಡಿದು ಹೊರಡುವುದು ಅಲ್ಲಿಯ ಕ್ರಮ. ಬೌದ್ಧ ಪರಂಪರೆಯ ಧ್ಯಾನವಾದ ವಿಪಶ್ಯನದ ಹತ್ತು ದಿನಗಳ ಶಿಬಿರಗಳಲ್ಲಿ ಪಾಲ್ಗೊಂಡಿದ್ದ ನಿವೃತ್ತರೊಬ್ಬರು ಗುಂಪನ್ನು ನಡೆಸುತ್ತಿದ್ದರು. ಎಲ್ಲರೂ ಅವರನ್ನು ‘ಸರ್’ ಎನ್ನುತ್ತಿದ್ದರು. ತಮ್ಮನ ಬಗ್ಗೆ ಯಾರೂ ಕೆದಕದ, ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯದ ಆ ಜಾಗ ಶಿಕ್ಷಕಿಗೆ ತುಂಬ ಹಿಡಿಸಿತ್ತು.

ಕೆಲವು ವಾರ ಕಳೆಯುವಷ್ಟರಲ್ಲಿ ತೊಂದರೆ ಶುರುವಾಯಿತು. ಗಮನ ಮೂಗಿನ ತುದಿಗೆ ಬಂದೊಡನೆ ಎದೆ ಬಿಗಿದು, ನೀರು ಗಂಟಲವರೆಗೆ ಏರಿದಂತಾಗಿ, ರಾತ್ರಿಯೂ ಅದೇ ಅನುಭವದಿಂದ ಎಚ್ಚರವಾಗತೊಡಗಿತು. ಸರ್‌ಗೆ ಹೇಳಿದಾಗ, “ಮನಸ್ಸಿನಲ್ಲಿ ಅಚ್ಚೊತ್ತಿದ ಹಳೆಯ ಸಂಸ್ಕಾರ ಮೇಲಕ್ಕೆ ಬರುತ್ತಿದೆ, ಕದಲದೆ ನೋಡಿ, ಹೋಗುತ್ತದೆ” ಎಂಬ ಉತ್ತರ ಬಂತು. ಇವರು ಮನೆಯಲ್ಲೂ ಬೆಳಿಗ್ಗೆ ಸಂಜೆ ಕೂರಲಾರಂಭಿಸಿದರು. “ಉಳಿದವರಿಗೆಲ್ಲ ಆಗುತ್ತದೆ ಮೇಡಂ, ನನ್ನಲ್ಲೇ ಏನೋ ಕೊರತೆ ಇದೆ” ಎಂಬುದು ಅವರ ನಿರ್ಧಾರವಾಗಿತ್ತು.

ನನ್ನ ಅಭಿಪ್ರಾಯ ಬೇರೆ. ಉಸಿರು ಎಲ್ಲರಿಗೂ ತಟಸ್ಥವಾದ ಆಸರೆ ಎಂದು ಗುಂಪು ನಂಬಿತ್ತು. ಆದರೆ ಒಡಹುಟ್ಟಿದವನು ನೀರಿನಲ್ಲಿ ಉಸಿರುಗಟ್ಟಿ ಸತ್ತದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕಾಣುತ್ತಿರುವವರಿಗೆ ಉಸಿರೇ ಆ ಸಾವಿನ ಬಾಗಿಲಾಗಬಹುದು. ಹಾಗಿರುವಾಗ ಹೆಚ್ಚು ಹೊತ್ತು ಕದಲದೆ ನೋಡಿದಷ್ಟೂ ಶರೀರವು ಭಯವನ್ನೇ ಅಭ್ಯಾಸ ಮಾಡುತ್ತದೆಯೇ ಹೊರತು ಸಮತೆಯನ್ನಲ್ಲ.

ಮೊದಲು ನಿದ್ರೆ, ಊಟ, ಕೆಲಸದ ಬಗ್ಗೆಯೂ, ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನೂ ನೇರವಾಗಿಯೇ ಕೇಳಿದೆ. ಅಂಥ ಯೋಚನೆ ಇರಲಿಲ್ಲ. ನಿದ್ರೆ ಕೆಟ್ಟು ಬಹಳ ದಿನವಾಗಿದ್ದರಿಂದ ಮನೋವೈದ್ಯರಿಂದ ಒಮ್ಮೆ ತಪಾಸಣೆ ಮಾಡಿಸಲು ಸೂಚಿಸಿದೆ. ಅವರು ಒಪ್ಪಿ ಹೋಗಿ ಬಂದರು.

ಧ್ಯಾನವನ್ನು ಬಿಡಲು ನಾನು ಹೇಳಲಿಲ್ಲ, ಸದ್ಯಕ್ಕೆ ಉಸಿರನ್ನು ಬಿಡಲು ಹೇಳಿದೆ. ಕಣ್ಣು ಅರೆ ತೆರೆದು, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸುತ್ತಾ ಅಂಗಳದಲ್ಲಿ ಹತ್ತು ನಿಮಿಷ ನಡೆಯುವುದು, ಎದೆ ಬಿಗಿಯತೊಡಗಿದರೆ ನಿಂತು ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು, ಆಗಲೂ ಕಡಿಮೆಯಾಗದಿದ್ದರೆ ಮುಖ ತೊಳೆದು ಅಂದಿಗೆ ಮುಗಿಸುವುದು, ಇಷ್ಟೇ ಅಭ್ಯಾಸ. ಇದು ಕೈಲಾಗದವರ ಧ್ಯಾನವಲ್ಲವೇ ಎಂದು ಅವರು ಕೇಳಿದರು. ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ನಡೆಯುವಾಗ, ನಿಂತಾಗ, ಕುಳಿತಾಗ, ಮಲಗಿದಾಗ ಎಂದು ನಾಲ್ಕೂ ಭಂಗಿಗಳಲ್ಲಿ ಎಚ್ಚರವಿರಬೇಕೆಂಬ ಮಾತಿದೆ ಎಂದು ತಿಳಿಸಿದೆ. ಕಾಡುವ ಯೋಚನೆಗಳನ್ನು ನಿಭಾಯಿಸಲು ವಿತಕ್ಕಸಂಠಾನ ಸುತ್ತ ಎಂಬ ಇನ್ನೊಂದು ಉಪದೇಶ ಐದು ಉಪಾಯಗಳನ್ನು ಕೊಡುತ್ತದೆ. ಅವುಗಳಲ್ಲಿ ಮೊದಲನೆಯದೇ, ಬಡಗಿ ಸಣ್ಣ ಗೂಟದಿಂದ ದೊಡ್ಡ ಗೂಟವನ್ನು ಹೊಡೆದು ತೆಗೆಯುವಂತೆ, ಗಮನವನ್ನು ಬೇರೊಂದು ವಿಷಯಕ್ಕೆ ತಿರುಗಿಸುವುದು. ಕದಲದೆ ನೋಡುವುದೊಂದೇ ದಾರಿ ಎಂದು ಆ ಪರಂಪರೆಯೇ ಹೇಳಿಲ್ಲ.

ಗುಂಪಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಸಲಹಾರ್ಥಿಯ ಅನುಮತಿಯಿಂದ ಸರ್ ಜೊತೆ ಮಾತನಾಡಿದೆ. ಅವರು ಸಜ್ಜನರು, ಆದರೆ ನಡುವೆ ಎದ್ದರೆ ಅಧಿಷ್ಠಾನ ಮುರಿಯುತ್ತದೆ ಎಂಬುದು ಅವರ ಆತಂಕ. ಒಂದು ಗಂಟೆ ಕದಲದೆ ಕೂರುವ ಆ ಕಟ್ಟುಪಾಡು ಶಿಬಿರದ್ದು. ಅಲ್ಲಿ ದಿನವಿಡೀ ಆಚಾರ್ಯರು ಲಭ್ಯರಿರುತ್ತಾರೆ, ಪ್ರವೇಶದ ಅರ್ಜಿಯಲ್ಲೇ ಮಾನಸಿಕ ಆರೋಗ್ಯದ ವಿವರ ಕೇಳುತ್ತಾರೆ. ಚಾವಡಿಯ ವಾರದ ಕೂಟದಲ್ಲಿ ಈ ಎರಡೂ ಇಲ್ಲ ಎಂದು ವಿವರಿಸಿದೆ. ಬೇಕಾದವರು ಬಾಗಿಲ ಬಳಿ ಕುಳಿತು, ಯಾರನ್ನೂ ಕೇಳದೆ ಎದ್ದು ಜಗಲಿಯಲ್ಲಿ ನಡೆಯಬಹುದು ಎಂದು ಆರಂಭದಲ್ಲೇ ಎಲ್ಲರಿಗೂ ಹೇಳಲು ಅವರು ಒಪ್ಪಿದರು. ಇವರೊಬ್ಬರಿಗೇ ವಿನಾಯಿತಿ ಕೊಟ್ಟಿದ್ದರೆ ಕೊರತೆಯ ಭಾವನೆ ಇನ್ನಷ್ಟು ಬಲಿಯುತ್ತಿತ್ತು. ಹೀಗೆ ಹೇಳಿದ ಮೊದಲ ವಾರವೇ ಇನ್ನಿಬ್ಬರು ಎದ್ದು ನಡೆದರಂತೆ.

ಉಳಿದದ್ದು ತಾಯಿಯ ಮುನಿಸು. ಶಿಬಿರದ ಅವಧಿಯಲ್ಲಿ ಇತರ ಪೂಜೆ, ಜಪಗಳನ್ನು ನಿಲ್ಲಿಸಬೇಕೆಂಬ ನಿಯಮವನ್ನು ಯಾರಿಂದಲೋ ಕೇಳಿ, ಶಿಬಿರಕ್ಕೇ ಹೋಗದ ಶಿಕ್ಷಕಿ ಭಜನಾ ಮಂದಿರಕ್ಕೆ ಹೋಗುವುದನ್ನು ಬಿಟ್ಟಿದ್ದರು. “ಇದು ನಮ್ಮದಲ್ಲ ಮಗಾ” ಎಂದ ತಾಯಿಗೆ, ಬೌದ್ಧರು ಇಲ್ಲಿ ಹಿಂದೆಯೇ ಇದ್ದರೆಂದು ತೋರಿಸಲು, ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿರುವ ಬೋಧಿಸತ್ವ ಲೋಕೇಶ್ವರನ ಕಂಚಿನ ವಿಗ್ರಹ, ಅದನ್ನು ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ (ಬೌದ್ಧ ಮಠದಲ್ಲಿ) ಸ್ಥಾಪಿಸಿದನೆನ್ನುವ ಕ್ರಿ.ಶ. 968ರ ಶಾಸನ ಎಲ್ಲವನ್ನೂ ವಿವರಿಸಿದ್ದರಂತೆ. ತಾಯಿಯ ಮನಸ್ಸು ಕರಗಲಿಲ್ಲ. ಶಾಸನದಿಂದ ತೀರುವ ಜಗಳ ಅದಾಗಿರಲಿಲ್ಲ. ಮಗನ ಹೆಸರು ಹೇಳಿ ಅಳಲು ತಾಯಿಗಿದ್ದ ಒಂದೇ ಜಾಗ ಭಜನಾ ಮಂದಿರ, ಮಗಳು ಬಿಟ್ಟದ್ದೂ ಅದನ್ನೇ. ಶನಿವಾರ ತಾಯಿಯ ಜೊತೆ ಭಜನೆಗೆ ಹೋಗಿ, ಹಿಂತಿರುಗುವಾಗ ತಮ್ಮನ ಬಗ್ಗೆ ಒಂದು ಮಾತಾದರೂ ಆಡಿ ಎಂದು ಸೂಚಿಸಿದೆ. ಧ್ಯಾನಕ್ಕೆ ಭಜನೆ ಅಡ್ಡಿಯಲ್ಲ. ದುಃಖದ ಕುರಿತಾದ ಮಾತುಕತೆಯನ್ನು ಗುಂಪಿನಲ್ಲಿ ತೆರೆಯದೆ ನಮ್ಮ ಭೇಟಿಗಳಲ್ಲೇ ಮುಂದುವರಿಸಿದೆವು.

ಈಗ ರಾತ್ರಿಯ ಎಚ್ಚರಗಳು ಕಡಿಮೆಯಾಗಿವೆ. ನಡಿಗೆಯ ಕೊನೆಯಲ್ಲಿ ಕೆಲವು ಉಸಿರುಗಳನ್ನು ಹೊಟ್ಟೆಯ ಬಳಿ ಗಮನಿಸಲು ಅವರಿಗೆ ಸಾಧ್ಯವಾಗುತ್ತಿದೆ. ಮೂಗಿನ ತುದಿಗೆ ಇನ್ನೂ ಹೋಗಿಲ್ಲ, ಅವಸರವೂ ಇಲ್ಲ. ಕಳೆದ ಆಗಸ್ಟ್‌ನಲ್ಲಿ ಬೋಟುಗಳು ಹೊರಟ ವಾರ ತೊಂದರೆ ಮರುಕಳಿಸಿದ್ದರಿಂದ, ಈ ಬಾರಿ ಆ ವಾರಕ್ಕೆ ಮೊದಲೇ ಒಂದು ಭೇಟಿ ನಿಗದಿಪಡಿಸಿದ್ದೇವೆ. ಆ ವಾರ ಗುಂಪಿನಲ್ಲಿ ಕೂರದೆ ಚಹಾದ ಹೊತ್ತಿಗಷ್ಟೇ ಹೋಗುವುದೆಂದೂ, ರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುವುದೆಂದೂ ಬರೆದಿಟ್ಟುಕೊಂಡಿದ್ದಾರೆ. ಆ ಚೀಟಿಯ ಒಂದು ಪ್ರತಿ ತಾಯಿಯ ಬಳಿಯೂ ಇದೆ.